ಇನ್ನೊಂದು ಸಾಲು ಉಂಗುರ

“ಥತ್! ಮತ್ತೆ ಹೊಟ್ಟೆ ಹೊರಗೆ ಬಂತು!”

ಸೋಗಂದ್ ಮೌಸನ್ನು ಮೇಜಿನ ಮೇಲೆ ಕುಕ್ಕಿದಳು. ಅವಳ ಬೆರಳುಗಳೆಲ್ಲ ಕಪ್ಪಾಗಿದ್ದವು. ಹಸಿ ಅಕ್ರೋಟಿನ ಸಿಪ್ಪೆ ಸುಲಿದ ಕರೆ ಅದು. ಆ ತಿಂಗಳು ತಫ್ರೆಶ್ ಊರಿನ ಮಕ್ಕಳೆಲ್ಲರ ಬೆರಳೂ ಹಾಗೆಯೇ ಇರುತ್ತಿದ್ದವು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಒಬ್ಬ ಸೈನಿಕ ಹುಡುಗಿ ನಿಂತಿದ್ದಳು. ಗುಂಗುರು ಕೂದಲು, ದುಂಡು ಮುಖ, ದಪ್ಪ ಮೈ, ಎಲ್ಲ ಆತೂಸಾಳದ್ದೇ. ಆತೂಸಾ ಸೋಗಂದಳ ಜೀವದ ಗೆಳತಿ. ಐದನೇ ಕ್ಲಾಸಿನಲ್ಲಿ ಇಬ್ಬರದೂ ಒಂದೇ ಬೆಂಚು.

ಹಿಂದಿನ ವಾರ ಶಾಲೆಯಲ್ಲಿ ಹೊಸ ಯೂನಿಫಾರ್ಮ್ ಕೊಟ್ಟಿದ್ದರು. ಎಲ್ಲಕ್ಕಿಂತ ದೊಡ್ಡ ಸೈಜಿನ ನಿಲುವಂಗಿಯೂ ಆತೂಸಾಗೆ ಸಾಲಲಿಲ್ಲ. “ಇದಕ್ಕಿಂತ ದೊಡ್ಡದಿಲ್ಲಮ್ಮ. ನೀನೇ ಸ್ವಲ್ಪ ಮೈ ಇಳಿಸಿಬಿಡು!” ಎಂದು ಹಂಚುತ್ತಿದ್ದ ಮೇಡಂ ನಕ್ಕರು. ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಆತೂಸಾ ಗುಂಡಿಯ ಜಾಗದಲ್ಲಿ ಪಿನ್ನು ಚುಚ್ಚಿಕೊಂಡು, ಬ್ಯಾಗನ್ನು ಬೆನ್ನಿಗೆ ಹಾಕದೆ ಹೊಟ್ಟೆಗೆ ಅಪ್ಪಿಕೊಂಡು ಓಡಾಡುತ್ತಿದ್ದಳು.

ಅದನ್ನು ನೋಡಲಾರದೆ ಸೋಗಂದ್ ಹೇಳಿದ್ದಳು: “ನೋಡ್ತಿರು, ನಮ್ಮ ಗೇಮಲ್ಲಿ ನಿನ್ನನ್ನೇ ಸೇನಾಪತಿ ಮಾಡ್ತೀನಿ. ಸೋಮವಾರ ನಾಲ್ಕು ಗಂಟೆಗೆ ಬಾ.”

ಗೇಮನ್ನು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳುವುದನ್ನು ಮಾಡಿಂಗ್ ಅನ್ನುತ್ತಾರೆ. ಅದನ್ನು ಕಲಿಸಿಕೊಟ್ಟ ಅಣ್ಣ ಈಗ ಸೈನ್ಯದ ತರಬೇತಿಗೆ ಹೋಗಿದ್ದ. ಮುಖ ಬದಲಾಯಿಸುವುದು ಸುಲಭವಾಯಿತು. ತೊಂದರೆ ಬಂದದ್ದು ಕವಚದಿಂದ. ಸಣ್ಣ ಸಣ್ಣ ಕಬ್ಬಿಣದ ಉಂಗುರಗಳನ್ನು ಹೆಣೆದು ಮಾಡಿದ ಚೆಂದದ ಕವಚ. ಆದರೆ ಗೇಮ್ ಮಾಡಿದವರು ಅದನ್ನು ಕಡ್ಡಿಯಂಥ ಮೈಗಳಿಗೆ ಅಂತಲೇ ಮಾಡಿದ್ದರು. ಆತೂಸಾಗೆ ತೊಡಿಸಿದ ಕೂಡಲೇ ಹೊಟ್ಟೆ ಕಬ್ಬಿಣವನ್ನೇ ತೂರಿಕೊಂಡು ಆಚೆ ಬರುತ್ತಿತ್ತು.

ಸೋಗಂದ್ ಕವಚದ ಸೈಜನ್ನು ಒಂದೇ ಸಲಕ್ಕೆ ದೊಡ್ಡದು ಮಾಡಿದಳು. ಅದು ಬಲೂನಿನ ಹಾಗೆ ಉಬ್ಬಿತು. ಹೊಟ್ಟೆ ಒಳಗೆ ಹೋಯಿತು, ನಿಜ. ಆದರೆ ಕವಚದ ಕತ್ತು ಭುಜದಿಂದ ಜಾರಿತು, ತೋಳು ಬೆರಳನ್ನೂ ನುಂಗಿತು, ಒಂದೊಂದು ಉಂಗುರವೂ ಬಳೆಯಷ್ಟಾಯಿತು.

“ಸೇನಾಪತಿಯಂತೆ! ಬಾತ್‌ರೂಮ್ ಪರದೆ ಸುತ್ಕೊಂಡ ಹಾಗಿದೆ.”

ಗಂಟೆ ಆಗಲೇ ಮೂರೂ ಐವತ್ತು. ಅವಳು ಕವಚವನ್ನು ಮೊದಲಿನ ಅಳತೆಗೆ ತಂದಳು. ಅಳತೆ ಬದಲಾಯಿಸುವ ಇನ್ನೊಂದು ಪಟ್ಟಿಯಲ್ಲಿ ‘ಮೈ’ ಎಂದು ಬರೆದಿತ್ತು. ಅದನ್ನು ಎಡಕ್ಕೆ ಎಳೆದಳು. ಪರದೆಯ ಮೇಲಿನ ಆತೂಸಾ ಇಳಿದಳು, ಇಳಿದಳು, ಇಳಿದೇಬಿಟ್ಟಳು. ಕವಚ ಅಚ್ಚುಕಟ್ಟಾಗಿ ಕೂತಿತು.

ಅಷ್ಟರಲ್ಲಿ ನಿಜವಾದ ಆತೂಸಾ ಬಂದಳು. ಕೈಯಲ್ಲಿ ಉಪ್ಪುನೀರಲ್ಲಿ ನೆನೆಸಿದ ಅಕ್ರೋಟಿನ ಡಬ್ಬಿ.

“ಯಾರೇ ಇವಳು?”

“ನೀನೇ ಕಣೆ! ಸೇನಾಪತಿ!”

ಆತೂಸಾ ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದು ನೋಡಿದಳು. “ನಾನೆಲ್ಲಿದೀನಿ ಇದ್ರಲ್ಲಿ?”

“ಕವಚ ಸಾಲ್ತಿರ್ಲಿಲ್ಲ. ಅದಕ್ಕೆ ನಿನ್ನನ್ನೇ ಸ್ವಲ್ಪ ಇಳಿಸ್ದೆ.”

“ನೀನೂನಾ?”

ಅಷ್ಟೇ ಅಂದಳು. ಡಬ್ಬಿ ಮೇಜಿನ ಮೇಲಿಟ್ಟು ಹೊರಟೇಹೋದಳು.

ಮಂಗಳವಾರ ಆತೂಸಾ ಬೇರೆ ಬೆಂಚಿನಲ್ಲಿ ಕೂತಳು. ಬುಧವಾರವೂ ಅಲ್ಲೇ. ‘ಕಷ್ಟಪಟ್ಟು ಮಾಡಿದ್ದು ನಾನು, ಕೋಪ ಇವಳಿಗೆ!’ ಎಂದು ಸೋಗಂದ್ ಒಳಗೊಳಗೇ ಉರಿದಳು. ಆದರೆ ಪಕ್ಕದ ಖಾಲಿ ಜಾಗದಲ್ಲಿ ಬ್ಯಾಗ್ ಇಡಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ.

ಶುಕ್ರವಾರ ವಾರದ ರಜೆ. ಅಜ್ಜ ಅಂಗಳದಲ್ಲಿ ಚಾಪೆ ಹಾಸಿಕೊಂಡು ಇಕ್ಕಳ ಹಿಡಿದು ಕೂತಿದ್ದರು. ಮುಂದೆ ಊರಿನ ಮೊಹರಂ ನಾಟಕದ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅವರ ತೊಡೆಯ ಮೇಲೆ ಉಂಗುರದ ಕವಚ. ಗೇಮಿನದಲ್ಲ, ನಿಜವಾದದ್ದು. ಎತ್ತಲು ಎರಡು ಕೈ ಬೇಕು.

“ಹರಿದೋಗಿದ್ಯಾ ಆಗಾಜಾನ್?” ಸೋಗಂದ್ ಪಕ್ಕದಲ್ಲಿ ಕೂತಳು. ಅಜ್ಜನನ್ನು ಅವಳು ಕರೆಯುತ್ತಿದ್ದುದೇ ಹಾಗೆ.

“ಕವಚ ಹರಿದಿಲ್ಲ ಪುಟ್ಟಿ. ಸೇನಾಪತಿ ಹರಡಿದಾನೆ. ಆ ಪಾತ್ರ ಮಾಡೋ ರೊಟ್ಟಿ ಅಂಗಡಿ ಬಹಮನ್ ಗೊತ್ತಲ್ಲ, ಬಿಸಿ ರೊಟ್ಟಿ ಮಾರೋದೊಂದು, ತಾನು ತಿನ್ನೋದು ಎರಡು.”

“ಮೈ ಇಳಿಸೋಕೆ ಹೇಳಿ ಅವ್ರಿಗೆ.”

“ಹನ್ನೆರಡು ವರ್ಷದಿಂದ ಅವನೂ ಅದನ್ನೇ ಹೇಳ್ತಿದಾನೆ. ನಾಟಕ ಭಾನುವಾರ. ಅವನು ಇಳಿಯೋತನಕ ಕುದುರೆ ಮೇಲೆ ಬನಿಯನ್ನಲ್ಲಿ ಕೂರಿಸ್ಲಾ?”

ಸೋಗಂದ್‌ಗೆ ನಗು ಬಂತು. “ದೊಡ್ಡ ದೊಡ್ಡ ಉಂಗುರ ಹಾಕಿದ್ರೆ ಬೇಗ ಮುಗಿಯತ್ತಲ್ವಾ?”

“ಹಾಕು ಹಾಕು. ಕತ್ತಿ ಏನು, ಅದ್ರೊಳಗೆ ಕೋಳೀನೇ ತೂರತ್ತೆ.” ಅಜ್ಜ ಕವಚವನ್ನು ಅವಳ ಕಡೆಗೆ ತಿರುಗಿಸಿದರು. “ಇಲ್ಲಿ ನೋಡು. ಕತ್ತು ಮುಟ್ಟಬಾರ್ದು, ತೋಳು ಮುಟ್ಟಬಾರ್ದು. ಕಂಕುಳ ಕೆಳಗೆ ಎರಡೂ ಕಡೆ ಬಿಚ್ಚಬೇಕು. ಉಂಗುರ ಅದೇ ಅಳತೇದು. ಸಾಲು ಮಾತ್ರ ಹೆಚ್ಚು.”

“ಎಷ್ಟು ಸಾಲು?”

“ನನ್ನ ಕೇಳಿದ್ರೆ? ಬಹಮನ್ ತೊಟ್ಕೊಂಡು ಕೂರಬೇಕು, ಬಗ್ಗಬೇಕು, ಕತ್ತಿ ಎತ್ತಬೇಕು. ಆಮೇಲೆ ಅವನು ಹೇಳ್ತಾನೆ.”

ಸೋಗಂದ್ ಒಂದು ಉಂಗುರವನ್ನು ಕಪ್ಪು ಬೆರಳುಗಳ ನಡುವೆ ಉರುಳಿಸುತ್ತಾ ಕೂತಳು. ಮುಖ ಬದಲಾಯಿಸುವಾಗ, ಕವಚ ಉಬ್ಬಿಸುವಾಗ, ಮೈ ಇಳಿಸುವಾಗ, ಯಾವಾಗಲೂ ಅವಳು ಆತೂಸಾಳನ್ನು ಒಂದು ಮಾತೂ ಕೇಳಿರಲಿಲ್ಲ.

“ಆಗಾಜಾನ್, ನನಗೊಂದು ಹಿಡಿ ಉಂಗುರ ಕೊಡ್ತೀರಾ?”

ಸ್ವಲ್ಪ ಹೊತ್ತಿಗೆ ಅವಳು ಆತೂಸಾಳ ಮನೆ ಬಾಗಿಲು ಬಡಿಯುತ್ತಿದ್ದಳು.

“ಡಬ್ಬಿ ವಾಪಸ್ ಕೊಡೋಕೆ ಬಂದೆ.”

“ಅಲ್ಲಿಡು,” ಎಂದಳು ಆತೂಸಾ, ಬಾಗಿಲ ಸಂದಿಯಿಂದ.

“ಖಾಲಿ ಡಬ್ಬಿ ಯಾರಾದ್ರೂ ವಾಪಸ್ ಕೊಡ್ತಾರಾ?” ಸೋಗಂದ್ ಡಬ್ಬಿ ಅಲ್ಲಾಡಿಸಿದಳು. ಝಲ್ ಎಂದಿತು.

ಬಾಗಿಲು ಇನ್ನೊಂದು ಚೂರು ತೆರೆಯಿತು. “ಏನದು?”

“ಕವಚದ ಉಂಗುರ. ಗೇಮಲ್ಲಿ ನಿನ್ನನ್ನ ಮೊದಲಿನ ಹಾಗೇ ಮಾಡ್ತೀನಿ. ಕವಚಾನೇ ಬಿಚ್ಚೋದು. ಎಷ್ಟು ಸಾಲು ಸೇರಿಸ್ಬೇಕು ಅಂತ ನನಗೆ ಗೊತ್ತಿಲ್ಲ. ನೀನೇ ಹೇಳ್ಬೇಕು.” ಸೋಗಂದ್ ಡಬ್ಬಿಯನ್ನು ಅವಳ ಕಡೆ ಚಾಚಿದಳು. “ಅವತ್ತೇ ಕೇಳ್ಬೇಕಿತ್ತು.”

ಆತೂಸಾ ಡಬ್ಬಿ ತೆಗೆದುಕೊಂಡು ಒಂದು ಉಂಗುರ ಎತ್ತಿ ನೋಡಿದಳು.

“ಇರು. ಚಪ್ಪಲಿ ಹಾಕ್ಕೊಂಡು ಬರ್ತೀನಿ.”

ಕಂಪ್ಯೂಟರ್ ಮುಂದೆ ಕೂತು ಸೋಗಂದ್ ಮೊದಲು ‘ಮೈ’ ಪಟ್ಟಿಯನ್ನು ಹಿಂದಿನ ಜಾಗಕ್ಕೆ ತಂದಳು. ಆಮೇಲೆ ಕವಚವನ್ನು ಕಂಕುಳ ಕೆಳಗೆ ಕತ್ತರಿಸಿದಳು. ಬೆನ್ನಿನ ಕಡೆಯ ಉಂಗುರದ ಸಾಲೊಂದನ್ನು ನಕಲು ಮಾಡಿ ಪಕ್ಕಕ್ಕೆ ಅಂಟಿಸಿದಳು. ಇನ್ನೊಂದು. ಮತ್ತೊಂದು. ಸೈಜ್ ಬದಲಾಯಿಸುವುದಕ್ಕಿಂತ ಇದು ಹತ್ತು ಪಟ್ಟು ನಿಧಾನ. ಎರಡು ಸಲ ಎಡವಟ್ಟಾಗಿ ಬೆನ್ನಿನ ಉಂಗುರಗಳು ಎದೆಗೆ ಬಂದವು. ಆತೂಸಾ ಪಕ್ಕದಲ್ಲಿ ಕೂತು ಸಾಲು ಎಣಿಸಿದಳು.

“ಏಳಾಯ್ತು. ಸಾಕಲ್ವಾ?” ಎಂದಳು ಸೋಗಂದ್.

“ನಿಂತಾಗ ಸಾಕು. ಬಗ್ಗಿಸು ನೋಡೋಣ.”

ಸೇನಾಪತಿ ಬಗ್ಗಿದಳು. ಉಂಗುರಗಳ ನಡುವೆ ಹೊಟ್ಟೆ ಒಂದಿಷ್ಟು ಇಣುಕಿತು. ಸೋಗಂದ್ ಗೆಳತಿಯ ಕಡೆ ನೋಡಿದಳು.

ಆತೂಸಾ ಕಿಸಕ್ಕನೆ ನಕ್ಕಳು. “ನೋಡಿದ್ಯಾ? ಹೊಟ್ಟೆ ನಂದು, ನನಗೆ ಗೊತ್ತಿರಲ್ವಾ! ಇನ್ನೊಂದು ಸಾಲು ಹಾಕು. ಆ ಕಡೇನೂ.”

ಮತ್ತೆ ಬಗ್ಗಿಸಿದರು. ಕೂರಿಸಿದರು. ಕತ್ತಿ ಎತ್ತಿಸಿದರು. ಎಲ್ಲೂ ಏನೂ ಇಣುಕಲಿಲ್ಲ. ಉಂಗುರಗಳೆಲ್ಲ ಪುಟ್ಟ ಪುಟ್ಟದಾಗಿ ಮಿನುಗಿದವು. ಗುಂಗುರು ಕೂದಲಿನ ದಪ್ಪ ಸೇನಾಪತಿ ಕೋಟೆಯ ಬಾಗಿಲಲ್ಲಿ ಕಾಲು ಅಗಲಿಸಿ ನಿಂತಳು.

“ಇವಳು ನಾನು,” ಎಂದಳು ಆತೂಸಾ ಮೆಲ್ಲಗೆ.

ಶನಿವಾರ ಬೆಳಿಗ್ಗೆ ಸೋಗಂದ್ ಕ್ಲಾಸಿನಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಆತೂಸಾ ಬಂದಳು. ಬ್ಯಾಗು ಬೆನ್ನಿನ ಮೇಲಿತ್ತು. ಯೂನಿಫಾರ್ಮಿನಲ್ಲಿ ಪಿನ್ನು ಇರಲಿಲ್ಲ. ಕಂಕುಳಿಂದ ಕೆಳಗಿನ ಅಂಚಿನವರೆಗೆ ಎರಡೂ ಪಕ್ಕದಲ್ಲಿ ಒಂದೊಂದು ಉದ್ದನೆಯ ಬಟ್ಟೆಯ ಪಟ್ಟಿ ಸೇರಿಸಿ ಹೊಲಿದಿತ್ತು. ಅದರ ನೀಲಿ ಬಣ್ಣ ಉಳಿದದ್ದಕ್ಕಿಂತ ತುಸು ಗಾಢ.

ಮುಂದಿನ ಬೆಂಚಿನಲ್ಲಿ ಯಾರೋ ತಿರುಗಿ ನೋಡಿದರು. ಆತೂಸಾ ನೋಡಲಿಲ್ಲ. ನೇರವಾಗಿ ತನ್ನ ಹಳೆಯ ಜಾಗಕ್ಕೆ ಬಂದು ಕೂತಳು.

ಸೋಗಂದ್ ಪುಸ್ತಕ ಅಡ್ಡ ಹಿಡಿದು ಪಿಸುಗುಟ್ಟಿದಳು. “ಅಮ್ಮ ಹೊಲಿದ್ರಾ?”

“ಹೊಲಿದಿದ್ದು ಅಮ್ಮ. ಅಳತೆ ಹೇಳಿದ್ದು ನಾನು.” ಆತೂಸಾ ಕೆಳಗೆ ಬಿದ್ದಿದ್ದ ಪೆನ್ಸಿಲನ್ನು ಬಗ್ಗಿ ಎತ್ತಿಕೊಂಡಳು. “ನೋಡು, ಬಗ್ಗೋಕೂ ಬರತ್ತೆ.”