ಒಂಬತ್ತನೇ ನಂಬರಿನ ಬ್ಯಾಟರಿ

ಮಂಗಳವಾರ ಬೆಳಗ್ಗೆ ಏಳೂ ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಎಡಗಾಲಲ್ಲಿ ತನ್ನ ಚಪ್ಪಲಿಯಿತ್ತು, ಬಲಗಾಲಲ್ಲಿ ಗಂಡನದು. ದಫೇದಾರ ಕುರ್ಚಿ ಎಳೆದುಕೊಟ್ಟು, ಗೋಡೆಯ ಗಡಿಯಾರ ನೋಡಿ, ಪುಸ್ತಕದಲ್ಲಿ ವೇಳೆ ಬರೆದುಕೊಂಡ. ಏನು ಕೇಳುವುದಕ್ಕೂ ಮೊದಲು ವೇಳೆ ಬರೆಯುವುದು ಅವನ ಇಪ್ಪತ್ತಾರು ವರ್ಷದ ರೂಢಿ.

ದೂರಿನ ಸಾರಾಂಶ ಇಷ್ಟು: ಗಂಡಹೆಂಡತಿ ಭಾನುವಾರ ರಜೆ ಕಳೆಯಲು ದ್ವೀಪಕ್ಕೆ ಬಂದವರು. ಸೋಮವಾರ ಮಧ್ಯಾಹ್ನ ಮೂರಕ್ಕೆ ಗಂಡ ಜೆಟ್ಟಿಯ ಬಳಿಯ ಬಾಡಿಗೆ ಅಂಗಡಿಯಿಂದ ಎಲೆಕ್ಟ್ರಿಕ್ ಸ್ಕೂಟರ್ ತೆಗೆದುಕೊಂಡು, ಸೂರ್ಯ ಮುಳುಗುವುದನ್ನು ನೋಡಲು ಬಂಡೆ ತುದಿಗೆ ಹೋದ. ಹೆಂಡತಿಗೆ ತಲೆನೋವು, ಕೋಣೆಯಲ್ಲೇ ಉಳಿದಳು. ಏಳು ಗಂಟೆಯಿಂದ ಅವನ ಫೋನು ಸ್ವಿಚ್ ಆಫ್.

"ಮುಂಚೆ ಯಾವಾಗಾದ್ರೂ ಇಲ್ಲಿಗೆ ಬಂದಿದ್ರಾ ಅಮ್ಮಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಸಾರ್. ಇದೇ ಮೊದಲು."

"ಜೋರಾಗಿ ಓಡಿಸೋರಾ?"

"ಅಯ್ಯೋ, ಆಮೆ ಸಾರ್ ಅವರು. ನಡೀರಿ ನಡೀರಿ ಅಂತ ಹಿಂದೆ ಕೂತು ನಾನೇ ತಿವೀಬೇಕಿತ್ತು."

ಎಂಟೂ ಮೂವತ್ತೈದಕ್ಕೆ ಚಿಪ್ಪು ಹೆಕ್ಕುವ ಇಬ್ಬರು ಹೆಂಗಸರು ಏದುಸಿರು ಬಿಡುತ್ತ ಬಂದು, ಬಂಡೆ ತುದಿಯ ಕೆಳಗೆ ಹೆಣವಿದೆ ಎಂದರು. ಅದು ಕೇಳಿಸಿದಾಗ ಹೆಂಡತಿ ಇನ್ನೂ ಬೆಂಚಿನ ಮೇಲೇ ಕೂತಿದ್ದಳು.

ಒಂಬತ್ತೂ ಇಪ್ಪತ್ತಕ್ಕೆ ಸ್ಥಳದ ಪಂಚನಾಮೆ ಶುರುವಾಯಿತು. ದೀಪಸ್ತಂಭದ ಕಾವಲುಗಾರನೂ ಐಸ್ ಫ್ಯಾಕ್ಟರಿಯ ಮೇಸ್ತ್ರಿಯೂ ಪಂಚರು. ಹೆಣ ಅರವತ್ತಡಿ ಕೆಳಗೆ ಎರಡು ಕಲ್ಲುಗಳ ನಡುವೆ ಮುಖ ಅಡಿಯಾಗಿ ಬಿದ್ದಿತ್ತು. ಹನ್ನೆರಡಡಿ ಆಚೆ, ಅರ್ಧ ನೀರಿನಲ್ಲಿ, ಸ್ಕೂಟರ್. ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ಒಂಬತ್ತು ಎಂದು ಬರೆದಿತ್ತು. ನಾಲ್ಕು ಜನ ಮೀನುಗಾರರು ಹಗ್ಗ ಕಟ್ಟಿ ಅದನ್ನು ಮೇಲೆಳೆದರು.

"ಸೆಲ್ಫಿ ಗಿರಾಕಿ ಸಾರ್," ದಫೇದಾರ ಹಣೆ ಒರೆಸಿಕೊಂಡ. "ಹಿಂದೆ ಹಿಂದೆ ಹೆಜ್ಜೆ ಇಟ್ಟಿರ್ತಾನೆ."

"ಗಾಡಿನೂ ಸೆಲ್ಫಿ ತಗೊಳ್ತಿತ್ತಾ?"

ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಫೋನು ಬಂತು. ಜನ ಬರುವ ಸೀಸನ್ನು, ಅಪಘಾತವಾಗಿದ್ದರೆ ಹಾಗೇ ಬರೆದು ಮುಗಿಸಿ, ಹೆಣವನ್ನು ನಾಲ್ಕರ ಲಾಂಚಿಗೆ ಕಳಿಸಿ, ಸುಮ್ಮನೆ ಎಳೆದಾಡಬೇಡಿ ಎಂದು ಸಲಹೆ. ಹೆಂಡತಿ ಕೇಳಿಕೊಂಡದ್ದೂ ಅದನ್ನೇ. ಆಚೆ ದಡದಲ್ಲಿ ಅತ್ತೆ ಕಾಯುತ್ತಿದ್ದಾರೆ, ನಾಲ್ಕರ ಲಾಂಚಿಗೆ ಕರೆದುಕೊಂಡು ಹೋಗಿಬಿಡುತ್ತೇನೆ ಎಂದಿದ್ದಳು. ಹೆಣವನ್ನು 'ಕರೆದುಕೊಂಡು' ಎಂದಿದ್ದಳು. ಇನ್ಸ್‌ಪೆಕ್ಟರ್ ಸಹಿ ಹಾಕಿದರೆ ಅಪಘಾತವೆಂದು ಮುಗಿಯುವ ಕಾಗದ ಒಂದೇ ಇತ್ತು.

ಕೀಲಿ ಸ್ಕೂಟರಿನಲ್ಲೇ ಇತ್ತು. ಅದೇ ಕೀಲಿಯಿಂದ ಸೀಟು ತೆಗೆದರು. ಸೀಟಿನ ಕೆಳಗೆ ಬ್ಯಾಟರಿ ಇರಬೇಕಾದ ಗುಂಡಿ ಖಾಲಿ.

"ಬಿದ್ದ ಏಟಿಗೆ ಹಾರಿರುತ್ತೆ ಸಾರ್."

"ಸೀಟಿಗೆ ಬೀಗ ಹಾಕಿತ್ತಲ್ಲಯ್ಯ. ಬೀಗ ಹಾಕಿದ ಪೆಟ್ಟಿಗೆಯಿಂದ ಹಾರಕ್ಕೆ ಅದೇನು ಗುಬ್ಬಚ್ಚೀನಾ?"

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಬ್ಯಾಟರಿಗೆ ಸಿಕ್ಕಿಸುವ ವೈರಿನ ಮೂತಿಗೆ ಹಾಲಿನ ಪ್ಯಾಕೆಟ್ಟಿನ ತುಂಡೊಂದನ್ನು ಸುತ್ತಿ, ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕಿ, ನೀರು ಇಳಿಯದ ಹಾಗೆ ಮೇಲ್ಮುಖವಾಗಿ ಸಿಕ್ಕಿಸಿತ್ತು. ಬಿಚ್ಚಿದಾಗ ಒಳಗಿನ ತಾಮ್ರ ಹೊಸದರ ಹಾಗೆ ಹೊಳೆಯಿತು. ಸಾಯಲು ಹೊರಟವನು ಬ್ಯಾಟರಿ ತೆಗೆದಿಡುವುದಿಲ್ಲ. ಕಳ್ಳ ವೈರಿನ ಮೂತಿಗೆ ಉಪಚಾರ ಮಾಡುವುದಿಲ್ಲ. ಇನ್ಸ್‌ಪೆಕ್ಟರ್ ಆ ತುಂಡನ್ನೂ ರಬ್ಬರ್ ಬ್ಯಾಂಡನ್ನೂ ಲಕೋಟೆಗೆ ಹಾಕಿ ಪಂಚರ ಸಹಿ ಪಡೆದರು.

ಹನ್ನೊಂದೂ ಐವತ್ತಕ್ಕೆ ಡಾಕ್ಟರು ಶವಪರೀಕ್ಷೆ ಮುಗಿಸಿದರು. ಸಾವು ಐದೂವರೆ ಮತ್ತು ಏಳರ ನಡುವೆ, ಎತ್ತರದಿಂದ ಬಿದ್ದು. "ಬಿದ್ದದ್ದೋ ಬೀಳಿಸಿದ್ದೋ, ಅದನ್ನ ಎಲುಬು ಹೇಳಲ್ಲ," ಎಂದು ಕೈತೊಳೆಯಲು ಹೋದರು.

ಬಾಡಿಗೆ ಅಂಗಡಿ ತಗಡಿನ ಮಾಡಿನ ಒಂದು ಉದ್ದನೆ ಶೆಡ್ಡು. ಮುಂದೆ ಸ್ಕೂಟರುಗಳ ಸಾಲು, ಹಿಂದೆ ಮರದ ಅಟ್ಟಣೆಯ ಮೇಲೆ ಚಾರ್ಜಿಗಿಟ್ಟ ಬ್ಯಾಟರಿಗಳು, ಅವಕ್ಕೆ ಗಾಳಿ ಹಾಕುತ್ತ ಎರಡು ಫ್ಯಾನು. ಮಾಲೀಕ ಗಾಬರಿಯಿಂದ ಓಡಾಡುತ್ತಿದ್ದ. ಅಂಗಳದ ಮೂಲೆಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಪೈಪು ಹಿಡಿದು, ಆಗಷ್ಟೇ ವಾಪಸು ಬಂದಿದ್ದ ಗಾಡಿಯೊಂದನ್ನು ಸಿಹಿನೀರಿನಲ್ಲಿ ತೊಳೆಯುತ್ತಿದ್ದ. ಅಂಗಡಿಯ ಕೆಲಸವೆಲ್ಲ ಅವನದೇ. ದ್ವೀಪದವರು ಅವನನ್ನು ಬ್ಯಾಟರಿಯಣ್ಣ ಎನ್ನುತ್ತಿದ್ದರು. ಎಡ ಮಣಿಕಟ್ಟಿನ ತುಂಬ ರಬ್ಬರ್ ಬ್ಯಾಂಡುಗಳು.

ಇನ್ಸ್‌ಪೆಕ್ಟರ್ ಸಾಲಿನ ಮೊದಲ ಗಾಡಿಯ ಸೀಟು ಎತ್ತಿದರು. ಬ್ಯಾಟರಿ ಇರಲಿಲ್ಲ. ವೈರಿನ ಮೂತಿಗೆ ಹಾಲಿನ ಪ್ಯಾಕೆಟ್ಟಿನ ತುಂಡು, ರಬ್ಬರ್ ಬ್ಯಾಂಡು, ಎರಡು ಸುತ್ತು. ಎರಡನೇ ಗಾಡಿಯಲ್ಲೂ ಹಾಗೇ. ಮೂರನೆಯದರಲ್ಲೂ.

"ಇದು ಯಾರು ಮಾಡೋದು?"

"ಬ್ಯಾಟರಿಯಣ್ಣ ಸಾರ್," ಮಾಲೀಕ ಹೆಮ್ಮೆಯಿಂದಲೇ ಹೇಳಿದ. "ಉಪ್ಪುಗಾಳಿ ನೋಡಿ, ಒಂದು ರಾತ್ರಿ ಬರಿದೇ ಬಿಟ್ರೆ ತಾಮ್ರ ಹಸಿರುಗಟ್ಟುತ್ತೆ. ನಾನೇನೂ ಹೇಳಿಕೊಟ್ಟದ್ದಲ್ಲ. ಮಾತಾಡ್ತಾ ಮಾತಾಡ್ತಾ ಕೈ ತನ್ನಷ್ಟಕ್ಕೆ ಸುತ್ತಿಬಿಡುತ್ತೆ."

"ಒಂದೊಂದು ಗಾಡಿಗೆ ಅದರದೇ ಬ್ಯಾಟರೀನಾ?"

"ಹೌದು ಸಾರ್, ನಂಬರು ಬರ್ದಿದೆ. ಎರಡು ಮಾತ್ರ ಹೆಚ್ಚುವರಿ. ದಾರೀಲಿ ಚಾರ್ಜು ಮುಗಿದ್ರೆ ಇವನೇ ಹೋಗಿ ಬದಲಾಯಿಸಿ ಬರ್ತಾನೆ."

ದಫೇದಾರ ಅಟ್ಟಣೆಯ ಉದ್ದಕ್ಕೂ ಬೆರಳು ಆಡಿಸುತ್ತ ಹೋಗಿ ಕೊನೆಯಲ್ಲಿ ನಿಂತ. ಹಸಿರು ದೀಪ ಉರಿಯುತ್ತಿದ್ದ ಬ್ಯಾಟರಿಯ ಮೇಲೆ ಕೆಂಪು ಬಣ್ಣದಲ್ಲಿ ಒಂಬತ್ತು ಎಂದಿತ್ತು.

"ಸಾರ್," ಎಂದ. "ಗಾಡಿ ಸಮುದ್ರದಲ್ಲಿ, ಬ್ಯಾಟರಿ ಇಲ್ಲಿ."

ಪೈಪಿನ ನೀರು ನಿಂತಿತು. ಬ್ಯಾಟರಿಯಣ್ಣ ನಲ್ಲಿ ತಿರುಗಿಸಿ, ಪೈಪನ್ನು ಸುರುಳಿ ಸುತ್ತಿ ಗೂಟಕ್ಕೆ ಹಾಕಿ, ಕೈ ಒರೆಸಿಕೊಂಡು ಬಂದ.

"ಅಂಗಡಿ ಫೋನು ಯಾರ ಹತ್ರ ಇರುತ್ತೆ?"

ಅವನು ಜೇಬಿನಿಂದ ತೆಗೆದುಕೊಟ್ಟ. ಸೋಮವಾರ ಸಂಜೆ ಐದೂ ನಲವತ್ತೆರಡಕ್ಕೆ ಸತ್ತವನ ನಂಬರಿನಿಂದ ಒಂದು ಕರೆ ಬಂದಿತ್ತು.

"ಚಾರ್ಜು ಮುಗೀತು ಅಂತ ಕರೆದ್ನಾ?"

"ಹೌದು ಸಾರ್. ಮುಗೀಲಿ ಅಂತಾನೇ ಅರ್ಧ ಚಾರ್ಜು ಇದ್ದಾಗ್ಲೇ ಕೊಟ್ಟಿದ್ದೆ."

ಮಾಲೀಕ "ಅಯ್ಯೋ, ಏನೋ ಇದು!" ಎಂದು ಅಲ್ಲೇ ಕುಸಿದು ಕೂತ. ಹನ್ನೆರಡೂ ಐವತ್ತಕ್ಕೆ ಬ್ಯಾಟರಿಯಣ್ಣನನ್ನು ಬಂಧಿಸಲಾಯಿತು. ಹೊರಡುವ ಮುಂಚೆ ಅವನು ಮಾಲೀಕನಿಗೆ, "ನಾಲ್ಕನೇದು, ಏಳನೇದು ಎರಡು ಗಂಟೆಗೆ ಚಾರ್ಜಿಂದ ತೆಗೀರಿ, ಬಿಸಿ ಆಗುತ್ತೆ," ಎಂದ.

ಇನ್ಸ್‌ಪೆಕ್ಟರ್ ದ್ವೀಪಕ್ಕೆ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಬ್ಯಾಟರಿಯಣ್ಣನ ಮಗಳ ವಿಷಯ ಅವರಿಗೆ ಗೊತ್ತಿದ್ದದ್ದು ದಫೇದಾರನ ಬಾಯಿಂದ. ಹದಿನೈದು ತಿಂಗಳ ಹಿಂದೆ, ಸಂಜೆಯ ಲಾಂಚು ಹೊರಡುವ ಹೊತ್ತಿಗೆ, ಐಸ್ ಫ್ಯಾಕ್ಟರಿ ತಿರುವಿನಲ್ಲಿ ಹದಿನಾಲ್ಕರ ಆ ಹುಡುಗಿಗೆ ಯಾವುದೋ ಗಾಡಿ ಗುದ್ದಿ ಹೋಗಿತ್ತು. ಸದ್ದು ಕೇಳಿದವರಿಲ್ಲ, ಕಂಡವರಿಲ್ಲ. ಮೂರನೇ ದಿನ ಹುಡುಗಿ ಸತ್ತಳು. ಬಾಡಿಗೆ ಗಾಡಿಯೇ ಇರಬೇಕೆಂದು ದಫೇದಾರ ಗುದ್ದಿದ ಮಾರನೇ ಬೆಳಗ್ಗೆಯೇ ಅಂಗಡಿಯ ಹನ್ನೆರಡೂ ಗಾಡಿ ಪರೀಕ್ಷಿಸಿದ್ದ. ಹನ್ನೆರಡೂ ತೊಳೆದು ಒರೆಸಿ ನಿಲ್ಲಿಸಿದ್ದವು. ಪತ್ತೆಯಾಗದ ಪ್ರಕರಣವೆಂದು ಅದರ ವರದಿ ಬರೆದವನೂ ಅವನೇ.

ಒಂದೂವರೆಗೆ ಠಾಣೆಯಲ್ಲಿ ಹೇಳಿಕೆ ಶುರುವಾಯಿತು.

"ಸತ್ತವನು ನಿಂಗೆ ಮುಂಚೆ ಗೊತ್ತಿತ್ತಾ?"

"ಮುಖ ನೆನಪಿರ್ಲಿಲ್ಲ ಸಾರ್. ದಿನಾ ಎಷ್ಟು ಜನ ಬರ್ತಾರೆ. ಗಾಡಿ ಹೇಗೆ ಅಂತ ತೋರಿಸ್ತಿದ್ದೆ. ಹಾರ್ನು ಸರಿಯಾಗಿರೋದು ಕೊಡಣ್ಣ ಅಂದ. ಯಾಕೆ ಸಾರ್ ಅಂದೆ. ಹೋದ ಸಲ ಐಸ್ ಫ್ಯಾಕ್ಟರಿ ಹತ್ರ ಒಂದು ಹುಡುಗಿಗೆ ಕನ್ನಡಿ ತಾಗಿಬಿಟ್ಟಿತು, ಈ ಗಾಡಿಗಳಿಗೆ ಸದ್ದೇ ಇಲ್ಲ, ಪಾಪ ಮಕ್ಕಳಿಗೆ ಕೇಳಿಸಲ್ಲ ಅಂದ."

"ಆಗ ಏನು ಮಾಡಿದೆ?"

"ತೋರಿಸ್ತಿದ್ದ ಗಾಡಿ ಬ್ಯಾಟರಿ ಸರಿಯಿಲ್ಲ ಅಂತ ಹೇಳಿ ಅದನ್ನ ಬಿಟ್ಟೆ. ಒಂಬತ್ತನೇ ಗಾಡೀದು ಆಗಷ್ಟೇ ಚಾರ್ಜಿಗೆ ಇಟ್ಟಿದ್ದೆ. ಆ ಅರ್ಧ ಚಾರ್ಜಿನ ಗಾಡೀನೇ ಕೊಟ್ಟೆ."

"ಕೊಲ್ಲಬೇಕು ಅಂತ?"

"ಒಬ್ಬನೇ ಸಿಗ್ಲಿ, ಕೇಳಬೇಕು ಅಂತ. ಅಲ್ಲೀತನಕ ಅಷ್ಟೇ ಇತ್ತು ಸಾರ್."

ದಫೇದಾರನ ಪೆನ್ನು ನಿಧಾನವಾಗಿ ಓಡುತ್ತಿತ್ತು.

"ಕೇಳಿದ್ಯಾ?"

"ಬಂಡೆ ತುದೀಲಿ ಬ್ಯಾಟರಿ ಬಿಚ್ಚುತ್ತಾ ಕೇಳಿದೆ. ಆ ಹುಡುಗಿ ಏನಾದ್ಲು ಸಾರ್ ಅಂತ. ಎದ್ದಳು, ಏನೂ ಆಗ್ಲಿಲ್ಲ, ನನ್ನ ಹೆಂಡ್ತಿ ನೋಡಿದ್ಲು, ಎದ್ದು ಬಟ್ಟೆ ಕೊಡವಿಕೊಂಡಳಂತೆ ಅಂದ." ಬ್ಯಾಟರಿಯಣ್ಣ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. "ಎದ್ದಳು ಅಂದಿದ್ರೆ ಸುಮ್ನಿರ್ತಿದ್ನೋ ಏನೋ. ಬಟ್ಟೆ ಕೊಡವಿಕೊಂಡಳು ಅಂದ. ನನ್ನ ಮಗಳು ಮತ್ತೆ ಬೆರಳೂ ಎತ್ತಲಿಲ್ಲ ಸಾರ್. ಸುಳ್ಳು ಹೇಳೋನು ಅದನ್ನ ಇಷ್ಟು ಚಂದ ಮಾಡಿ ಹೇಳ್ಬೇಕಾ?"

"ನೀನು ಯಾರು ಅಂತ ಹೇಳಿದ್ಯಾ?"

"ಇಲ್ಲ. ಸೂರ್ಯ ಮುಳುಗ್ತಿದೆ ನೋಡಣ್ಣ ಅಂತ ಆ ಕಡೆ ತಿರುಗಿದ. ತಳ್ಳಿದೆ. ಆಮೇಲೆ ಗಾಡೀನೂ ತಳ್ಳಿದೆ. ತಂದಿದ್ದ ಬ್ಯಾಟರಿ, ಅದರ ಬ್ಯಾಟರಿ, ಎರಡೂ ವಾಪಸು ತಂದೆ. ಅದನ್ನ ಉಪ್ಪುನೀರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲ."

"ವೈರಿಗೆ ಪ್ಲಾಸ್ಟಿಕ್ ಸುತ್ತಿದ್ದು?"

ಅವನು ತಲೆಯೆತ್ತಿದ. "ಸುತ್ತಿದ್ನಾ?"

ಇನ್ಸ್‌ಪೆಕ್ಟರ್ ಲಕೋಟೆಯನ್ನು ಮೇಜಿನ ಮೇಲಿಟ್ಟರು.

"ಇನ್ನೊಂದು ಬರ್ಕೊಳ್ಳಿ ದಫೇದಾರ್ರೇ," ಬ್ಯಾಟರಿಯಣ್ಣ ಹೇಳಿದ. "ಆವತ್ತು ಸಂಜೆ ಆ ಗಾಡಿ ತೊಳೆದದ್ದು ನಾನೇ. ಎಡಗಡೆ ಕನ್ನಡಿ ಒಡೆದಿತ್ತು, ಹೊಸದು ಹಾಕಿದೆ. ಕೆಳಗಡೆ ಏನೋ ಅಂಟಿತ್ತು. ಮಣ್ಣು ಅಂದ್ಕೊಂಡು ಬ್ರಷ್ ಹಾಕಿ ಉಜ್ಜಿದೆ. ಉಜ್ಜಿ ಮುಗಿಸೋ ಹೊತ್ತಿಗೆ ಮನೆ ಕಡೆಯಿಂದ ಕೂಗ್ತಾ ಬಂದ್ರು. ಇದೆಲ್ಲ ನನಗೆ ಹೊಳೆದದ್ದು ನಿನ್ನೆ, ಅವನು ಕನ್ನಡಿ ಅಂದಾಗ."

ದಫೇದಾರ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡ. ಹನ್ನೆರಡು ಗಾಡಿಗಳು ಹೊಳೆಯುತ್ತ ನಿಂತದ್ದು ಅವನಿಗೆ ಕಾಣುತ್ತಿದ್ದಿರಬೇಕು. ಆಮೇಲೆ ಆರೋಪಿಯ ಮೈಮೇಲಿನ ವಸ್ತುಗಳನ್ನು ತೆಗೆಸಿ ಪಟ್ಟಿ ಮಾಡಿದ: ಕರವಸ್ತ್ರ ಒಂದು, ಸ್ಕ್ರೂ ಡ್ರೈವರ್ ಒಂದು, ರಬ್ಬರ್ ಬ್ಯಾಂಡು ಐದು.

ಬಾಡಿಗೆ ಪುಸ್ತಕ ತರಿಸಿ ನೋಡಿದರು. ಹದಿನೈದು ತಿಂಗಳ ಹಿಂದಿನ ಹಾಳೆಯಲ್ಲಿ ಸತ್ತವನ ಗುರುತಿನ ಚೀಟಿಯ ನಕಲು ಅಂಟಿಸಿತ್ತು. ಪಕ್ಕದಲ್ಲಿ ಹೆಲ್ಮೆಟ್ ಎರಡು ಎಂದು ಬರೆದಿತ್ತು.

ಮೂರೂ ಮೂವತ್ತೈದಕ್ಕೆ ಇನ್ಸ್‌ಪೆಕ್ಟರ್ ಜೆಟ್ಟಿಗೆ ಹೋದರು. ಹೆಣದ ಪೆಟ್ಟಿಗೆಯನ್ನು ಆಗಲೇ ಲಾಂಚಿನೊಳಗೆ ಇಳಿಸಿದ್ದರು. ಹೆಂಡತಿ ಟಿಕೆಟ್ ಕಿಟಕಿಯ ನೆರಳಲ್ಲಿ ನಿಂತಿದ್ದಳು. ಯಾರೋ ಅವಳಿಗೆ ಒಂದು ಜೊತೆ ಚಪ್ಪಲಿ ಕೊಟ್ಟಿದ್ದರು. ಗಂಡನ ಚಪ್ಪಲಿ ಕೈಯಲ್ಲಿತ್ತು.

ಯಾರು, ಏಕೆ ಎಂದು ಅವರು ನಾಲ್ಕು ಮಾತಿನಲ್ಲಿ ಹೇಳಿದರು. ಆಮೇಲೆ ಕೇಳಿದರು:

"ಮೊದಲನೇ ಸಲ ಅಂದ್ರಲ್ಲ ಅಮ್ಮಾ?"

ಅವಳು ಲಾಂಚಿನ ಕಡೆ ನೋಡಿದಳು.

"ಹಿಂದೆ ಕೂತಿದ್ದದ್ದು ನೀವೇ. ತಿರುಗಿ ನೋಡಿದ್ರಿ. ಆ ಹುಡುಗಿ ಎದ್ದಿದ್ಲಾ?"

"ಆವತ್ತು ಲಾಂಚಿಗೆ ಇಪ್ಪತ್ತು ನಿಮಿಷ ಇತ್ತು ಸಾರ್."

"ಎದ್ದಿದ್ಲಾ?"

"ಇಲ್ಲ." ಅವಳು ಚಪ್ಪಲಿಯ ಪಟ್ಟಿ ಹಿಂಡುತ್ತಿದ್ದಳು. "ಗಾಡಿ ನಿಧಾನ ಮಾಡಿ, ಎದ್ದಳಾ ನೋಡು, ಎದ್ದಳಾ ನೋಡು ಅಂದ್ರು. ಎದ್ದಿಲ್ಲ ಅಂದಿದ್ರೆ ನಿಲ್ಲಿಸ್ತಿದ್ರು. ನಿಲ್ಲಿಸೋ ಮನುಷ್ಯ ಅವರು. ಎದ್ದಳು, ಬಟ್ಟೆ ಕೊಡವಿಕೊಳ್ತಿದ್ದಾಳೆ, ನಡೀರಿ ಅಂದೆ. ಯಾರಾದ್ರೂ ಬಂದು ಎತ್ತುತಾರೆ ಅಂದ್ಕೊಂಡೆ. ಈ ಸಲ ಬೇರೆ ಊರಿಗೆ ಹೋಗೋಣ ಅಂತ ಬಡ್ಕೊಂಡೆ ಸಾರ್. ಅವರಿಗೆ ಈ ಜಾಗಾನೇ ಇಷ್ಟ."

ಲಾಂಚು ಮೊದಲ ಸೀಟಿ ಹಾಕಿತು.

"ಅವರಿಗೆ ಗೊತ್ತಾಯ್ತಾ ಸಾರ್? ನಾನು ಹೇಳಿದ್ದು ಸುಳ್ಳು ಅಂತ?"

"ಇಲ್ಲ."

ಅವಳು ತಲೆಯಾಡಿಸಿದಳು. ಇನ್ಸ್‌ಪೆಕ್ಟರ್ ಅಲ್ಲೇ ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ ಹೇಳಿಕೆ ಬರೆದು ಸಹಿ ಪಡೆದರು. ಹಳೆಯ ಪ್ರಕರಣ ಮತ್ತೆ ತೆರೆಯುತ್ತದೆ, ಕರೆದ ದಿನ ಬರಬೇಕು ಎಂದರು. ಲಾಂಚು ಸರಿಯಾಗಿ ನಾಲ್ಕಕ್ಕೆ ಹೊರಟಿತು.

ಠಾಣೆಗೆ ಹಿಂತಿರುಗಿದಾಗ ನಾಲ್ಕೂ ಇಪ್ಪತ್ತೈದು. ಲಾಕಪ್ಪಿನ ಸರಳುಗಳ ಹಿಂದೆ ಬ್ಯಾಟರಿಯಣ್ಣ ಗೋಡೆಗೊರಗಿ ಕೂತಿದ್ದ.

"ಆಯಮ್ಮ ಏನಂದ್ರು ಸಾರ್? ಆತ ಹೇಳಿದ್ದು ಸುಳ್ಳು ತಾನೇ?"

ಇನ್ಸ್‌ಪೆಕ್ಟರ್ ಏನೂ ಹೇಳದೆ ಒಳಗೆ ಹೋಗಬಹುದಿತ್ತು. ಆದರೆ ಹೇಳಿಕೆ ಕಾಗದದ ಮೇಲಿತ್ತು. ಒಂದು ದಿನ ಯಾವನೋ ವಕೀಲ ಕೋರ್ಟಿನಲ್ಲಿ ಎದ್ದುನಿಂತು, ಇವನ ಮುಖ ನೋಡದೆ ಅದನ್ನು ಓದುವವನಿದ್ದ.

"ಸುಳ್ಳು. ಆದ್ರೆ ಆತನದಲ್ಲ," ಎಂದರು. "ಹುಡುಗಿ ಎದ್ದಳು ಅಂತ ಹೆಂಡತಿ ಅಂದ್ರು, ಆತ ನಂಬಿದ. ಸಾಯೋವರೆಗೂ ಹಾಗೇ ನಂಬಿದ್ದ."

ಬ್ಯಾಟರಿಯಣ್ಣ ಕೇಳಿಸಿಕೊಂಡ. ಆಮೇಲೆ ಅವನ ಬಲಗೈಯ ಬೆರಳುಗಳು ಎಡ ಮಣಿಕಟ್ಟಿಗೆ ಹೋಗಿ, ಅಲ್ಲಿ ಇಲ್ಲದ ರಬ್ಬರ್ ಬ್ಯಾಂಡುಗಳನ್ನು ತಡಕಾಡಿದವು. ಸಿಗದಿದ್ದರೂ ಸುತ್ತುವುದನ್ನು ನಿಲ್ಲಿಸಲಿಲ್ಲ.