ಬಾವಿಯಿಂದ ಎದ್ದ ಕೈ

ಮಧ್ಯಾಹ್ನ ಮೂರೂವರೆ. ತುಮಕೂರಿನ ಟಾಕೀಸೊಂದರಲ್ಲಿ ಗಂಗಾ ಕಿರುಚಿದಳು.

"ಕೈ!... ಅಯ್ಯೋ, ಕೈ!"

೧೯೭೯ರ ಮಹಾಲಯ ಅಮಾವಾಸ್ಯೆ, ಶುಕ್ರವಾರ. ಪಿತೃಪಕ್ಷ ಬಂತೆಂದರೆ ಆ ಟಾಕೀಸಿನವರು ಹಳೆಯ ಕಪ್ಪು-ಬಿಳುಪು ದೆವ್ವದ ಚಿತ್ರ ತರುತ್ತಿದ್ದರು. ಗಂಗಾಗೆ ಅದೇ ಹಬ್ಬ. ಮಳೆ ಹಿಂದೆ ಸರಿದು ಬೆಳಗಿನ ಮಂಜು ಶುರುವಾದರೆ ಸಾಕು, ದೆವ್ವದ ಕಾದಂಬರಿ ಬಾಡಿಗೆಗೆ ತಂದು ಒಲೆಯ ಮುಂದೆ ಕೂರುವಳು. ಅನ್ನ ಸೀದರೂ ಏಳಳು. ಹೆದರುವುದೇ ಅವಳ ಸುಖ!

ಪರದೆಯಲ್ಲಿ ಬಾವಿಯಿಂದ ಒಂದು ಬಿಳಿ ಕೈ ಮೇಲೆದ್ದಿತ್ತು. ಅವಳು ಕೂಗಿದ್ದು ಅದಕ್ಕೆ.

ಕತ್ತಲಲ್ಲಿ ಜನಕ್ಕೆ ಕೇಳಿಸಿದ್ದು ಬೇರೆ.

"ಯಾವನ್ಲಾ ಅವ್ನು, ಹೆಣ್ಮಗಳ ಮೇಲೆ ಕೈ ಹಾಕಿದ್ದು?"

ಹೆಂಗಸರ ಬೆಂಚಿನ ಹಿಂದೆಯೇ ಒಬ್ಬ ಯುವಕ ಮುಂದಕ್ಕೆ ಬಾಗಿ ಕೂತಿದ್ದ. ಕುಣಿಗಲ್‌ನ ಸದಾಶಿವ, ಟಾಕೀಸಿನ ಹೊರಗಿನ ಬ್ಯಾನರ್ ಬರೆದವನು. ತಾನು ಬರೆದ ದೆವ್ವದ ಕೈ ಚಿತ್ರದಲ್ಲಿರುವಂತೆಯೇ ಇದೆಯೇ ಎಂದು ನೋಡಲು ಬಂದಿದ್ದ.

ಮೊದಲ ಏಟು ಬಾಯಿಗೆ ಬಿತ್ತು. ಎಳೆದು ಕೆಡವಿದರು. ಚಪ್ಪಲಿ, ಮೊಣಕೈ, ಸೋಡಾ ಬಾಟಲಿ.

"ನಾನಲ್ಲ ಸ್ವಾಮಿ..." ಮಾತು ರಕ್ತದಲ್ಲಿ ಕಲಸಿಹೋಯಿತು.

ಗೇಟ್‌ಕೀಪರ್ ಆಂಜನಪ್ಪ ಓಡಿಬಂದ. ಗಂಗಾಳ ಅಣ್ಣ, ಅಪ್ಪ ಅಮ್ಮ ಸತ್ತ ಮೇಲೆ ಅವಳನ್ನು ಸಾಕಿದವನು.

"ನನ್ ತಂಗಿ ಕಣ್ಲಾ ಅವ್ಳು!"

ಅವನ ಹಿತ್ತಾಳೆ ಟಾರ್ಚು ಸದಾಶಿವನ ಬಲಗೈ ಮೇಲೆ ಬಿತ್ತು. ಮತ್ತೆ ಬಿತ್ತು. ಮೂಳೆ ಮುರಿದ ಸದ್ದು ಗಂಗಾಗೆ ಕೇಳಿಸಿತು.

ದೀಪ ಹೊತ್ತಿತು. ಅವನು ಅವಳನ್ನೇ ನೋಡಿದ. ಬೈಗುಳವಿಲ್ಲ... ಬರೀ ಪ್ರಶ್ನೆ.

'ಬಾಯಿ ಬಿಡು ಗಂಗಾ!' ಮನಸ್ಸು ಚೀರಿತು. ನಿಜ ಹೇಳಿದರೆ ಅಣ್ಣ ಜೈಲಿಗೆ. ಹೇಳದಿದ್ದರೆ ಈ ಮನುಷ್ಯ...

"ನಮ್ ಬ್ಯಾನರ್ ಬರೆಯೋನಲ್ವಾ ಇವ್ನು!" ಅಂದರು ಯಾರೋ. ಪೊಲೀಸರು ಸದಾಶಿವನನ್ನು ಎಳೆದೊಯ್ದರು.

ಸಂಜೆ ಮನೆಯಲ್ಲಿ ಆಂಜನಪ್ಪ ಟಾರ್ಚಿನ ರಕ್ತ ತೊಳೆಯುತ್ತಿದ್ದ.

"ಅಣ್ಣಾ, ಅವ್ರು ನನ್ನ ಮುಟ್ಟೇ ಇಲ್ಲ. ನಾನು ಕಿರುಚಿದ್ದು ಸಿನಿಮಾದ ಕೈ ನೋಡಿ."

ಕಪಾಳಕ್ಕೆ ಬಿತ್ತು. ತುಟಿ ಒಡೆಯಿತು.

"ದೆವ್ವದ ಪುಸ್ತಕ ಓದಿ ಓದಿ ತಲೆ ಕೆಟ್ಟದೆ ನಿಂಗೆ! ನಾನ್ ಒಳಗ್ ಹೋಗ್ಬೇಕಾ? ಸುಮ್ಕಿರು!"

"ಬರೆಯೋ ಕೈ ಕಣಣ್ಣಾ ಅದು!"

ಒಡೆದ ತುಟಿಯಲ್ಲೇ ಅವಳು ಠಾಣೆಗೆ ನಡೆದಳು. ತಾನು ಕಿರುಚಿದ್ದು ಆ ಯುವಕನ ಕೈಗೆ ಅಲ್ಲ ಎಂದಳು.

"ಯಾರ ಕೈಯಮ್ಮ?" ದಫೇದಾರ್ ಪುಟ್ಟರಂಗಯ್ಯ ಕೇಳಿದ.

"ದೆವ್ವದ್ದು ಸಾರ್."

ಠಾಣೆ ಗೊಳ್ಳೆಂದಿತು. "ಹಂಗಾದ್ರೆ ದೆವ್ವದ ಮೇಲೆ ಕೇಸ್ ಹಾಕಾಣ್ವಾ?"

"ನಗಿ ಸಾರ್. ಆದ್ರೆ ಬರ್ಕೊಳಿ. ಅವ್ರ ಕೈ ಮುರ್ದೋನು ನನ್ನಣ್ಣ."

ನಗು ನಿಂತಿತು.

ಸದಾಶಿವ ಆಸ್ಪತ್ರೆ ಸೇರಿದ. ಆಂಜನಪ್ಪ ಜೈಲು ಸೇರಿದ. ಮರುದಿನ ಗಂಗಾ ವಾರ್ಡಿಗೆ ಬಂದಾಗ ಸದಾಶಿವ ಗೋಡೆಗೆ ಮುಖ ತಿರುಗಿಸಿದ.

"ಇನ್ನೇನ್ ಮುರೀಬೇಕು? ಎಡಗೈ ಒಂದ್ ಉಳ್ದದೆ."

"ಅದಾದ್ರೂ ಉಳೀಲಿ ಅಂತಾನೇ ಬಂದೆ..."

ಅವಳ ಬಗಲಲ್ಲಿ ಒಂದು ದೆವ್ವದ ಕಾದಂಬರಿಯಿತ್ತು. ಅವನ ಕಣ್ಣು ಅದರ ರಟ್ಟಿಗೆ ಹೋಯಿತು. ಅದರ ಮೇಲಿನ ಚಿತ್ರ ಅವನದೇ!

"ಇದನ್ನ ಓದ್ತೀಯಾ ನೀನು?"

"ರಟ್ಟು ನೋಡಿ ತಂದೆ. ಕಥೆ ಅಷ್ಟಕ್ಕಷ್ಟೆ."

ಅವನಿಗೆ ನಗು ಬಂತು. ಹೊಲಿಗೆ ಹಾಕಿದ ತುಟಿ ಉರಿಯಿತು. ದಸರಾ ಕಳೆಯುವವರೆಗೂ ಅವಳು ದಿನಾ ಬಂದು ಓದಿದಳು. ದೆವ್ವ ಬಂದಾಗ ದನಿ ತಗ್ಗಿಸುವಳು. ಪಕ್ಕದ ಮಂಚದವರೂ ಕಿವಿ ಕೊಡುವರು.

ಪಟ್ಟಿ ಬಿಚ್ಚಿದ ದಿನ ಬೆರಳು ಮಡಚಲಿಲ್ಲ. ಗಂಗಾ ಅತ್ತುಬಿಟ್ಟಳು.

"ನಿಮ್ಮಣ್ಣನ್ನ ನಾನಿನ್ನೂ ಕ್ಷಮಿಸಿಲ್ಲ ಗಂಗಾ. ಆದ್ರೆ... ನಿನ್ನ ಬಿಟ್ಟಿರೋಕೂ ಆಗ್ತಿಲ್ಲ."

ಅವಳ ಎದೆ ಧಸಕ್ಕೆಂದಿತು. ಬಾವಿಯ ದೆವ್ವಕ್ಕೂ ಹೀಗೆ ಆಗಿರಲಿಲ್ಲ!

"ಇನ್ಮೇಲೆ ಹೆದರಿದ್ರೆ ಏನಂತ ಕೂಗ್ತೀಯ?" ಅವನು ಕೇಳಿದ.

"ನಿಮ್ ಹೆಸ್ರು."

"ಆಗ್ಲೂ ಹೊಡೀತಾರಲ್ಲೇ!"

"ಹೊಡೀಲಿ. ಪಕ್ಕದಲ್ಲೇ ಇರ್ತೀನಲ್ಲ... ಇಬ್ರಿಗೂ ಬೀಳ್ಲಿ."

ಮಾಘದಲ್ಲಿ ಗುಬ್ಬಿಯಲ್ಲಿ ಮದುವೆಯಾಯಿತು. ಸದಾಶಿವನ ಬಲಗೈ ಬೆರಳುಗಳು ಆಗಲೂ ಮಡಚುತ್ತಿರಲಿಲ್ಲ. ಗಂಗಾಳೇ ಆ ಕೈ ಹಿಡಿದುಕೊಂಡಳು. ಅದರ ಮೇಲೆ ಧಾರೆ ಎರೆದವನು, ಜಾಮೀನಿನ ಮೇಲೆ ಹೊರಬಂದಿದ್ದ ಆಂಜನಪ್ಪ.