ಲಿಫ್ಟ್ ಕೋಣೆಯ ನೆಲ

ಆಗಸ್ಟ್ ಹನ್ನೆರಡರ ಬೆಳಿಗ್ಗೆ ಶಿರಸಿಯ ಖಾಸಗಿ ಆಸ್ಪತ್ರೆಯೊಂದರ ಮ್ಯಾನೇಜರ್ ಸುಹಾಸ ಠಾಣೆಗೆ ಬಂದು ದೂರು ಕೊಟ್ಟರು. ಲಿಫ್ಟ್ ನಡೆಸುವ ಕಂಟ್ರೋಲ್ ಬೋರ್ಡನ್ನು ಯಾರೋ ಕದ್ದೊಯ್ದಿದ್ದರು. ಎಫ್‌ಐಆರ್ ದಾಖಲಿಸಿ ಪಿಎಸ್‌ಐ ವೇದಾ, ಕಾನ್‌ಸ್ಟೆಬಲ್ ಸುಭಾಷನೊಂದಿಗೆ ಸ್ಥಳಕ್ಕೆ ಹೋದರು.

ತಾರಸಿಯ ಮೇಲಿನ ಲಿಫ್ಟ್ ಕೋಣೆಯ ಬೀಗ ಮುರಿದಿರಲಿಲ್ಲ. ಬೀಗದ ಕೈ ನರ್ಸುಗಳ ಕೌಂಟರಿನಲ್ಲಿ ಎಲ್ಲರಿಗೂ ಸಿಗುವಂತೆ ನೇತಾಡುತ್ತಿತ್ತು. ಮೇನ್ ಸ್ವಿಚ್ ಆರಿಸಿ, ಸ್ಕ್ರೂ ಬಿಚ್ಚಿ ಬೋರ್ಡನ್ನು ಅಚ್ಚುಕಟ್ಟಾಗಿ ತೆಗೆದಿದ್ದರು. ಸುಭಾಷನಿಗೆ ಲಿಫ್ಟ್ ರಿಪೇರಿಗೆ ಬರುವ ಮೆಕ್ಯಾನಿಕ್ ಮೇಲೆಯೇ ಅನುಮಾನ ಬಂತು.

ಹುಬ್ಬಳ್ಳಿಯಿಂದ ಕರೆಸಿದ ಮೆಕ್ಯಾನಿಕ್ ಸಿಡಿಮಿಡಿಗೊಂಡ. "ಆ ಹಳೇ ಬೋರ್ಡ್ ಕದ್ದು ನಾ ಏನ್ ಮಾಡ್ಲ್ರಿ? ಹೊಸಾದು ಹಾಕ್ಸ್ರಿ ಅಂತ ಹೇಳಿ ಹೇಳಿ ಸಾಕಾಗೇತ್ರಿ. ಕೆಟ್ಟಾಗೊಮ್ಮೆ ಬೆಸುಗಿ ಹಾಕು ಅಂತಾರ."

ವೇದಾ ಮ್ಯಾನೇಜರತ್ತ ತಿರುಗಿದರು. "ಏನಂತೀರಿ?"

"ರಿಪೇರಿ ಆಗ್ತಿತ್ತಲ್ಲ ಮೇಡಂ. ಹೊಸತು ಎಂತಕ್ಕೆ?"

ಪಂಚನಾಮೆ ಬರೆಯುವಾಗ ಸುಭಾಷ ಮೂಗರಳಿಸಿದ. "ಮೇಡಂ, ಫಿನಾಯಿಲ್ ವಾಸ್ನೆ."

ಕೋಣೆಯ ತುಂಬ ವರ್ಷಗಳ ಧೂಳು, ಗ್ರೀಸು. ಬೋರ್ಡಿದ್ದ ಪೆಟ್ಟಿಗೆಯ ಮುಂದಿನ ನೆಲ ಮಾತ್ರ ಲಕಲಕ ಅನ್ನುತ್ತಿತ್ತು. ಕದ್ದವರು ಉದುರಿದ ಕಸ ಒರೆಸಿ ಹೋಗಿದ್ದರು. ಕಳ್ಳತನಕ್ಕೆ ಬಂದಲ್ಲೂ ಕೈಯ ಅಭ್ಯಾಸ ಬಿಡದವರು ಆ ಆಸ್ಪತ್ರೆಯಲ್ಲಿ ಇನ್ಯಾರಿದ್ದಾರು! ವೇದಾ ನೆಲ ಒರೆಸುವ ಗೌರಕ್ಕನನ್ನು ಕರೆಸಿದರು.

ಗೌರಕ್ಕ ಸುಳ್ಳು ಹೇಳಲಿಲ್ಲ. "ಮೆಕ್ಯಾನಿಕ್ಕಿಗೆ ಚಾ ಕೊಡೂಕೆ ಹೋದಾಗೆಲ್ಲ ನೋಡಿದ್ದೆ. ಹಂಗೇ ಬಿಚ್ಚಿದೆ."

"ಬೋರ್ಡೆಲ್ಲಿ?"

"ಮನೆ ಬಚ್ಚಲ ಒಲೆಗೆ ಹಾಕಿದೆ. ರಿಪೇರಿಗೆ ಎಂತದೂ ಉಳೀಬಾರ್ದು ಅಂತ."

"ಯಾಕೆ?"

"ಹೆರಿಗೆ ವಾರ್ಡು ಮೂರನೇ ಮಹಡೀಲಿ. ಹೋದ ಮಳೆಗಾಲ ನನ್ನ ಮಗಳು ದಿವ್ಯಾ ನೋವು ತಿನ್ತಾ ಲಿಫ್ಟೊಳಗೆ ಸಿಕ್ಕಿಬಿದ್ಲು. ಬಾಗಿಲು ತೆಗೆಯೂವಷ್ಟರಲ್ಲಿ ಮಗು ಹೋಗಿತ್ತು. ಮಾರನೇ ದಿನ ಅದೇ ಬೋರ್ಡ್ ರಿಪೇರಿ ಮಾಡಿ ಹಾಕಿದ್ರು. ಈಗ ಅವಳು ಮತ್ತೆ ಬಸುರಿ. ಇಲ್ಲಾದ್ರೆ ಕೆಲ್ಸದೋರಿಗೆ ಬಿಲ್ಲಿಲ್ಲ, ಬೇರೆ ಆಸ್ಪತ್ರೆಗೆ ಹೋಗೂ ತಾಕತ್ತು ನಮಗಿಲ್ಲ. ಬೋರ್ಡೇ ಇಲ್ದಿದ್ರೆ ಹೊಸಾದು ತರ್ಲೇಬೇಕಲ್ಲ?"

ವೇದಾ ಒಲೆಯ ಬೂದಿಯಿಂದ ಕರಕಲು ತುಂಡುಗಳನ್ನು ಜಪ್ತಿ ಮಾಡಿ, ಸಂಜೆ ಆಕೆಯನ್ನು ಬಂಧಿಸಿದರು. ಬೇರೆ ದಾರಿ ಇರಲಿಲ್ಲ.

ಮರುದಿನ ಕೋರ್ಟಿಗೆ ಹೊರಡಲು ಜೀಪು ಹತ್ತುವಾಗ ಗೌರಕ್ಕ ಕೇಳಿದಳು. "ಹೊಸಾದು ತಂದ್ರಾ ಮೇಡಂ?"

ಮ್ಯಾನೇಜರ್ ಸುಹಾಸ ಆಗಲೇ ಫೋನ್ ಮಾಡಿ ತಿಳಿಸಿದ್ದರು. ಹುಬ್ಬಳ್ಳಿಯಲ್ಲಿ ಕೆಡವಿದ ಲಾಡ್ಜೊಂದರಿಂದ ಅದೇ ಕಾಲದ ಬೋರ್ಡು ಸಿಕ್ಕಿ, ಲಿಫ್ಟ್ ಮತ್ತೆ ಓಡಾಡುತ್ತಿತ್ತು.

"ಇಲ್ಲ ಗೌರಕ್ಕ. ಎಲ್ಲಿಂದಲೋ ಇನ್ನೊಂದು ಹಳೇದೇ ತಂದು ಹಾಕಿದಾರೆ."

ಗೌರಕ್ಕ ಜೀಪಿನ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ ಕುಳಿತಳು.

"ದಿವ್ಯಾಗೆ ಹೇಳಿ ಮೇಡಂ," ಅಂದಳು. "ಎಷ್ಟೇ ನೋವು ಬರ್ಲಿ, ಮೆಟ್ಟಿಲು ಹತ್ತಿಯೇ ಹೋಗು ಅಂತ."